ಒಪ್ಪಿಕೊಂಡು ಗೆದ್ದ ವಕೀಲ

1724ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಿಂದ ಲಂಡನ್ನಿಗೆ ಹೊರಟ ಹಡಗಿನಲ್ಲಿ ದೊಡ್ಡ ಕ್ಯಾಬಿನ್ನನ್ನು ಊರಿನ ಹೆಸರಾಂತ ವಕೀಲನೊಬ್ಬ ತನಗೂ ತನ್ನ ಮಗನಿಗೂ ಹಿಡಿದಿಟ್ಟಿದ್ದ. ವಾರಗಟ್ಟಲೆ ಕಡಲ ಮೇಲಿರಬೇಕು ಎಂದು ತಿನ್ನುವ, ಕುಡಿಯುವ ಸಾಮಾನನ್ನು ಧಾರಾಳವಾಗಿ ತುಂಬಿಸಿಕೊಂಡಿದ್ದ. ಹಡಗು ನದೀಮುಖ ದಾಟುವ ಮೊದಲೇ ದಡದಿಂದ ಕರೆ ಬಂತು. ಯಾರದ್ದೋ ಹಡಗು ಜಪ್ತಿಯಾಗಿದೆ, ವಾದ ಮಾಡಬೇಕು, ಕೇಳಿದಷ್ಟು ಫೀಸು ಕೊಡುತ್ತೇವೆ ಎಂದು. ಅಪ್ಪ, ಮಗ ಇಳಿದು ವಾಪಸು ಹೋದರು. ಸಾಮಾನು ಹಡಗಿನಲ್ಲೇ ಉಳಿಯಿತು. ಕೆಳಗಿನ ಕಿಷ್ಕಿಂಧೆಯಲ್ಲಿ ಮುದುಡಿಕೊಂಡಿದ್ದ ಹದಿನೆಂಟರ ಹುಡುಗನೊಬ್ಬನಿಗೆ ಕ್ಯಾಬಿನ್ನೂ ಸಿಕ್ಕಿತು, ವಕೀಲನ ತಿಂಡಿತೀರ್ಥದಲ್ಲಿ ಪಾಲೂ ಸಿಕ್ಕಿತು. ಆ ಹುಡುಗ ಬೆಂಜಮಿನ್ ಫ್ರಾಂಕ್ಲಿನ್. ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್.

ಲಂಡನ್ನಿಗೆ ಬಂದಿಳಿದ ಮೇಲೆ ಫ್ರಾಂಕ್ಲಿನ್ನನಿಗೆ ಒಂದು ಕಾಗದ ಕೈಸೇರಿತು. ಅದರಲ್ಲಿ ಹ್ಯಾಮಿಲ್ಟನ್ ವಿರುದ್ಧ ಹೂಡಿದ ಸಂಚಿನ ಸುಳಿವಿತ್ತು. ಸಂಚಿನಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್ ವಿಲಿಯಂ ಕೀತ್‌ನ ಕೈಯೂ ಇತ್ತು. ಫ್ರಾಂಕ್ಲಿನ್ನನನ್ನು ಸುಳ್ಳು ಭರವಸೆ ಕೊಟ್ಟು ಲಂಡನ್ನಿಗೆ ಅಟ್ಟಿದವನೂ ಇದೇ ಕೀತ್. ಮುಂದೆ ಹ್ಯಾಮಿಲ್ಟನ್ ಲಂಡನ್ನಿಗೆ ಬಂದಾಗ ಹುಡುಗ ಹೋಗಿ ಆ ವಿಷಯ ತಿಳಿಸಿ ಬಂದ. ಅಲ್ಲಿಂದ ಮುಂದೆ ಇಬ್ಬರ ಸ್ನೇಹ ಕೊನೆಯವರೆಗೆ ಮುರಿಯಲಿಲ್ಲ. ಶಾಸನಸಭೆಯ ಅಚ್ಚಿನ ಕೆಲಸ ಫ್ರಾಂಕ್ಲಿನ್ನನ ಅಚ್ಚುಕೂಟಕ್ಕೆ ಬಂದದ್ದರ ಹಿಂದೆ ಹ್ಯಾಮಿಲ್ಟನ್ನನ ಮಾತಿತ್ತು. ಪುಣ್ಯ ಮಾಡಿದ್ದಕ್ಕೆ ಫಲ ಸಿಕ್ಕಿತು ಎಂದರೆ ಅದು ಅರ್ಧ ಸತ್ಯ. ಉಪಕಾರ ಮರೆಯದಿರುವುದು ಹ್ಯಾಮಿಲ್ಟನ್ನನ ಸ್ವಭಾವ, ಉಪಕಾರ ಮಾಡಿಟ್ಟುಕೊಳ್ಳುವುದು ಫ್ರಾಂಕ್ಲಿನ್ನನ ಜಾಣ್ಮೆ.

ಈ ಹ್ಯಾಮಿಲ್ಟನ್ ಯಾರ ಮಗ, ಯಾವ ಊರಿನವನು ಎಂದು ಫಿಲಡೆಲ್ಫಿಯಾದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಆತನೂ ಬಾಯಿ ಬಿಡಲಿಲ್ಲ. ಸ್ಕಾಟ್ಲೆಂಡಿನಲ್ಲಿ 1676ರ ಸುಮಾರಿಗೆ ಹುಟ್ಟಿದವನು ಎಂಬುದು ಇತಿಹಾಸಕಾರರ ಲೆಕ್ಕ. ವರ್ಜೀನಿಯಾಕ್ಕೆ ಬಂದು ಒಂದು ಜಮೀನಿನ ಉಸ್ತುವಾರಿ ನೋಡಿಕೊಂಡ, ಮಕ್ಕಳಿಗೆ ಪಾಠ ಹೇಳಿದ, ಕಾನೂನು ಓದಿದ. 1706ರಲ್ಲಿ ಆನ್ ಬ್ರೌನ್ ಪ್ರೀಸನ್ ಎಂಬ ವಿಧವೆಯನ್ನು ಮದುವೆಯಾದ. ಆಕೆಯ ಕಡೆಯ ನಂಟಸ್ತಿಕೆಯಿಂದ ಆ ಭಾಗದ ದೊಡ್ಡ ಮನೆಗಳ ಬಾಗಿಲು ತೆರೆಯಿತು. ಮುಂದೆ ಮೇರಿಲ್ಯಾಂಡಿನಲ್ಲಿ ಸಾವಿರಾರು ಎಕರೆ ಭೂಮಿ, ವಕೀಲಿ. ಬೇರು ಎಲ್ಲಿಯದೆಂದು ತಿಳಿಯದ ಗಿಡ ಹೀಗೆ ದಟ್ಟವಾಗಿ ಬೆಳೆದದ್ದು ನೋಡಿ ಜನ ಸುಮ್ಮನಿದ್ದಾರೆಯೇ? ಹೆಸರೇ ಬೇರೆಯಿತ್ತು, ಊರಿನಲ್ಲಿ ಏನೋ ಮಾಡಿ ಓಡಿಬಂದವನು ಎಂದೆಲ್ಲ ಗುಸುಗುಸು ಹಬ್ಬಿತು. ಯಾವುದಕ್ಕೂ ಆತ ಉತ್ತರ ಕೊಡಲಿಲ್ಲ.

ಒಂದು ಕೆಲಸ ಮಾತ್ರ ಮಾಡಿದ. 1713ರಲ್ಲಿ ಲಂಡನ್ನಿಗೆ ಹೋಗಿ ಗ್ರೇಸ್ ಇನ್ ಎಂಬ ವಕೀಲರ ಸಂಸ್ಥೆಗೆ ಸೇರಿ, ಎರಡೇ ವಾರದಲ್ಲಿ ಬ್ಯಾರಿಸ್ಟರ್ ಎನ್ನಿಸಿಕೊಂಡು ಹಡಗು ಹತ್ತಿದ. ಉಳಿದವರು ವರ್ಷಗಟ್ಟಲೆ ಅಲ್ಲಿ ಕೂತು ಊಟ ಮಾಡಿ ಪಡೆಯುವ ಪದವಿ ಅದು! ವಸಾಹತುಗಳಲ್ಲಿ ಕಾನೂನು ಬಲ್ಲವರೇ ಕಡಿಮೆಯಿದ್ದ ಕಾಲ. ಲಂಡನ್ನಿನ ಮುದ್ರೆ ಬಿದ್ದ ವಕೀಲನಿಗೆ ಬೆಲೆ ಕಟ್ಟುವವರಾರು? ಪೆನ್ಸಿಲ್ವೇನಿಯಾದ ಒಡೆಯರಾದ ಪೆನ್ ಮನೆತನದ ವ್ಯಾಜ್ಯಗಳು ಆತನ ಕೈಗೆ ಬಂದವು. 1717ರಲ್ಲಿ ಆ ಪ್ರಾಂತದ ಅಟಾರ್ನಿ ಜನರಲ್, 1727ರಲ್ಲಿ ಶಾಸನಸಭೆಯ ಸದಸ್ಯ, 1729ರಿಂದ ಸಭಾಧ್ಯಕ್ಷ. ಇದರ ಜೊತೆಗೆ ಫಿಲಡೆಲ್ಫಿಯಾ ನಗರದ ರೆಕಾರ್ಡರ್ ಹುದ್ದೆ. ಪೆನ್ ಮನೆತನ ಸಂತೋಷಪಟ್ಟು ನಗರದ ಅಂಚಿನಲ್ಲಿ ಕೊಟ್ಟ ಭೂಮಿಯಲ್ಲಿ ಬುಷ್ ಹಿಲ್ ಎಂಬ ಬಂಗಲೆಯೂ ಎದ್ದಿತು.

ಇಷ್ಟು ಓದಿದವರು ಹ್ಯಾಮಿಲ್ಟನ್ನನನ್ನು ಕ್ರಾಂತಿಕಾರಿ ಎಂದುಕೊಳ್ಳಲಾರರು. ಆತ ಅಧಿಕಾರದ ಒಳಮನೆಯ ಮನುಷ್ಯ. ಪತ್ರಿಕೆಗಳ ಚಾಟಿಯೇಟಿನ ರುಚಿಯೂ ಗೊತ್ತಿತ್ತು. 1733ರಲ್ಲಿ ಆಂಡ್ರ್ಯೂ ಬ್ರ್ಯಾಡ್‌ಫರ್ಡ್ ಎಂಬವನ ಪತ್ರಿಕೆ ಆತನ ಮೇಲೆ ಬಿದ್ದು ಕಚ್ಚಿತು. ಆ ವರ್ಷ ಶಾಸನಸಭೆಯ ಸ್ಥಾನವನ್ನೂ ಕಳೆದುಕೊಂಡ. ಆತನ ಪರವಾಗಿ ಬರೆದದ್ದು ಫ್ರಾಂಕ್ಲಿನ್ನನ ಪತ್ರಿಕೆ. ಇಂಥ ಮನುಷ್ಯ ಎರಡೇ ವರ್ಷದಲ್ಲಿ ನೂರು ಮೈಲಿ ದೂರದ ಬೇರೆ ಪ್ರಾಂತಕ್ಕೆ ಹೋಗಿ, ಪೈಸೆ ಮುಟ್ಟದೆ, ಒಬ್ಬ ಬಡ ಅಚ್ಚುಗಾರನ ಪರ ನಿಲ್ಲುತ್ತಾನೆ. ಅದೇ ಈ ಕಥೆಯ ಗಟ್ಟಿ ಭಾಗ.

ನ್ಯೂಯಾರ್ಕಿಗೆ 1732ರಲ್ಲಿ ವಿಲಿಯಂ ಕಾಸ್ಬಿ ಎಂಬ ಹೊಸ ಗವರ್ನರ್ ಬಂದ. ಹಿಂದೆ ಮಿನೋರ್ಕಾ ದ್ವೀಪವನ್ನು ಆಳುವಾಗ ವ್ಯಾಪಾರಿಯೊಬ್ಬನ ಸೊತ್ತನ್ನು ಮುಟ್ಟುಗೋಲು ಹಾಕಿಕೊಂಡು ಹೆಸರು ಕೆಡಿಸಿಕೊಂಡಿದ್ದ. ಇಲ್ಲಿಗೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತಾನು ಬರುವವರೆಗೆ ಹಂಗಾಮಿಯಾಗಿ ಆಡಳಿತ ನೋಡಿಕೊಂಡಿದ್ದ ರಿಪ್ ವ್ಯಾನ್ ಡ್ಯಾಮ್ ಎಂಬ ಹಿರಿಯ ಡಚ್ ವರ್ತಕನನ್ನು ಕರೆದು, ನೀನು ತೆಗೆದುಕೊಂಡ ಸಂಬಳದಲ್ಲಿ ಅರ್ಧ ನನಗೆ ಕೊಡು ಎಂದು ಕೇಳಿದ್ದು. ಮುದುಕ ಒಪ್ಪಲಿಲ್ಲ. ಈ ದಾವೆ ಜ್ಯೂರಿಯ ಮುಂದೆ ಹೋದರೆ ಊರಿನ ಜನ ವ್ಯಾನ್ ಡ್ಯಾಮ್ ಪರವೇ ಹೇಳುತ್ತಾರೆ ಎಂದು ಕಾಸ್ಬಿಗೆ ಗೊತ್ತಿತ್ತು. ಆದ್ದರಿಂದ ಜ್ಯೂರಿ ಇಲ್ಲದೆ ನ್ಯಾಯಾಧೀಶರೇ ತೀರ್ಮಾನಿಸುವ ಹಾಗೆ ಮಾಡಿದ. ಮುಖ್ಯ ನ್ಯಾಯಾಧೀಶ ಲೂಯಿಸ್ ಮಾರಿಸ್ ಅದು ನಡೆಯದು ಎಂದ. ಕಾಸ್ಬಿ ಆತನನ್ನು ಕಿತ್ತುಹಾಕಿ ಜೇಮ್ಸ್ ಡಿ ಲ್ಯಾನ್ಸಿ ಎಂಬ ಮೂವತ್ತರ ತರುಣನನ್ನು ಆ ಪೀಠದ ಮೇಲೆ ಕೂರಿಸಿದ.

ಮಾರಿಸ್ ಮನೆಯಲ್ಲಿ ಕೂರುವ ಜಾತಿಯವನಲ್ಲ. 1733ರ ಅಕ್ಟೋಬರಿನಲ್ಲಿ ವೆಸ್ಟ್‌ಚೆಸ್ಟರ್ ಕ್ಷೇತ್ರದ ಉಪಚುನಾವಣೆಗೆ ನಿಂತ. ಪ್ರಮಾಣ ಮಾಡುವುದು ತಮ್ಮ ಧರ್ಮಕ್ಕೆ ಸಲ್ಲದು ಎನ್ನುವ ಕ್ವೇಕರರು ಅವನ ಕಡೆಯವರು. ಬೈಬಲ್ ಮುಟ್ಟಿ ಆಣೆ ಮಾಡದಿದ್ದರೆ ಮತವಿಲ್ಲ ಎಂದು ಷರೀಫ್ 38 ಕ್ವೇಕರರನ್ನು ಹಿಂದಕ್ಕೆ ಕಳಿಸಿದ. ಆದರೂ ಮಾರಿಸ್ 231 ಮತ ಪಡೆದು ಗೆದ್ದ. ಎದುರಾಳಿಗೆ ಬಿದ್ದದ್ದು 151. ಊರಿನಲ್ಲಿದ್ದ ಒಂದೇ ಪತ್ರಿಕೆ ಸರ್ಕಾರದ ಅಚ್ಚುಗಾರ ವಿಲಿಯಂ ಬ್ರ್ಯಾಡ್‌ಫರ್ಡನದು. ಫಿಲಡೆಲ್ಫಿಯಾದಲ್ಲಿ ಹ್ಯಾಮಿಲ್ಟನ್ನನನ್ನು ಕಚ್ಚಿದ ಪತ್ರಿಕೆಯವನು ಇವನ ಮಗನೇ. ಮಾರಿಸ್ ಗುಂಪಿನವರು ತಮ್ಮದೇ ಪತ್ರಿಕೆ ಹೊರಡಿಸಲು ಹೊರಟರು. 1733ರ ನವೆಂಬರ್ 5ರಂದು ‘ನ್ಯೂಯಾರ್ಕ್ ವೀಕ್ಲಿ ಜರ್ನಲ್’ ಹೊರಬಂತು. ಬರೆಯುವವರು ಜೇಮ್ಸ್ ಅಲೆಕ್ಸಾಂಡರ್, ವಿಲಿಯಂ ಸ್ಮಿತ್ ಮುಂತಾದ ವಕೀಲರು, ಹೆಸರು ಹಾಕದೆ. ಮೊಳೆ ಜೋಡಿಸಿ ಅಚ್ಚು ಹಾಕುವವನು ಜಾನ್ ಪೀಟರ್ ಝೆಂಗರ್, ತನ್ನ ಹೆಸರು ಹಾಕಿಕೊಂಡು. ಜರ್ಮನಿಯ ಪ್ಯಾಲಟಿನೇಟ್ ಸೀಮೆಯಿಂದ 1710ರಲ್ಲಿ ವಲಸೆ ಬಂದ ಹುಡುಗ. ಅಚ್ಚಿನ ಕಸುಬು ಕಲಿತದ್ದು ಇದೇ ಬ್ರ್ಯಾಡ್‌ಫರ್ಡನ ಬಳಿ.

ಹೊಡೆತ ಯಾರಿಗೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ಆ ಪತ್ರಿಕೆಯ ಭಾಷೆ ನೇರವೂ ಇತ್ತು, ಕುಚೋದ್ಯವೂ ಇತ್ತು. ಗವರ್ನರನ ಹಿಂಬಾಲಕನೊಬ್ಬನನ್ನು ತಪ್ಪಿಸಿಕೊಂಡ ನಾಯಿ ಎಂದೂ, ಷರೀಫನನ್ನು ಸರಪಳಿ ಕಿತ್ತುಕೊಂಡ ಕೋತಿ ಎಂದೂ ಹುಡುಕಿಕೊಡಿ ಜಾಹೀರಾತಿನ ಧಾಟಿಯಲ್ಲಿ ಗೇಲಿ ಮಾಡಿದರು. ಡಿ ಲ್ಯಾನ್ಸಿ ಎರಡು ಸಲ ಗ್ರ್ಯಾಂಡ್ ಜ್ಯೂರಿಯನ್ನು ಕೂರಿಸಿ ದೋಷಾರೋಪ ಹೊರಿಸಲು ನೋಡಿದ. ಎರಡು ಸಲವೂ ಅವರು ಒಪ್ಪಲಿಲ್ಲ. ಕೊನೆಗೆ 1734ರ ನವೆಂಬರಿನಲ್ಲಿ ಗವರ್ನರನ ಮಂಡಳಿ ಪತ್ರಿಕೆಯ ನಾಲ್ಕು ಸಂಚಿಕೆಗಳನ್ನು ಸಾರ್ವಜನಿಕವಾಗಿ ಸುಡಬೇಕೆಂದು ಹುಕುಂ ಮಾಡಿತು. ನಗರದ ಅಧಿಕಾರಿಗಳು ಆ ಕಡೆ ತಲೆ ಹಾಕಲಿಲ್ಲ, ತಮ್ಮ ಆಳನ್ನೂ ಕೊಡಲಿಲ್ಲ. ಷರೀಫ್ ತನ್ನ ಕರಿಯ ಗುಲಾಮನ ಕೈಗೆ ಕೊಟ್ಟು ಸುಡಿಸಿದ. ಮುದ್ರಣದ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆದ ಆ ಕಾಲದವರು ಈ ಮನುಷ್ಯನ ಹೆಸರನ್ನು ಬರೆದಿಡಲಿಲ್ಲ.

ನವೆಂಬರ್ 17ರಂದು ಝೆಂಗರ್ ಬಂಧನವಾಯಿತು. ಜಾಮೀನು 400 ಪೌಂಡು, ಅದಲ್ಲದೆ ತಲಾ 200 ಪೌಂಡಿನ ಇಬ್ಬರು ಜಾಮೀನುದಾರರು. ಅವನ ಮನೆಯ ಸೌಟು, ಚೊಂಬು ಮಾರಿದರೂ ಹುಟ್ಟದ ಹಣ. ಹಿಂದಿದ್ದ ಶ್ರೀಮಂತರು ಕೊಡಬಹುದಿತ್ತು. ಅವರು ಕೊಡಲಿಲ್ಲ. ಸೆರೆಯಲ್ಲಿರುವ ಅಚ್ಚುಗಾರ ಹೊರಗಿರುವವನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆಂಬ ಲೆಕ್ಕ ಅವರ ತಲೆಯಲ್ಲಿ ಇದ್ದಿರಬಹುದು ಎಂಬ ಅನುಮಾನ ನನ್ನದು. ಝೆಂಗರ್ ಒಂಬತ್ತು ತಿಂಗಳ ಹತ್ತಿರ ಒಳಗಿದ್ದ. ಒಂದು ವಾರ ಬಿಟ್ಟರೆ ಪತ್ರಿಕೆ ನಿಲ್ಲಲಿಲ್ಲ. ಹೆಂಡತಿ ಆನ್ನಾ ಕ್ಯಾಥರಿನ್ ಸೆರೆಮನೆಯ ಬಾಗಿಲ ಕಂಡಿಯಲ್ಲಿ ಗಂಡನ ಮಾತು ಕೇಳಿಸಿಕೊಂಡು ಹೋಗಿ ಅಚ್ಚುಕೂಟ ನಡೆಸಿದಳು.

ಅವನ ವಕೀಲರು ಅಲೆಕ್ಸಾಂಡರ್ ಮತ್ತು ಸ್ಮಿತ್. 1735ರ ಏಪ್ರಿಲಿನಲ್ಲಿ ಅವರು ಕೋರ್ಟಿನಲ್ಲಿ ಎದ್ದು, ಡಿ ಲ್ಯಾನ್ಸಿಯವರೇ, ನಿಮ್ಮ ನೇಮಕವೇ ಕಾನೂನುಬದ್ಧವಲ್ಲ ಎಂದು ಆಕ್ಷೇಪ ಎತ್ತಿದರು. ಡಿ ಲ್ಯಾನ್ಸಿ ಇಬ್ಬರ ಸನ್ನದನ್ನೂ ಅಲ್ಲೇ ರದ್ದು ಮಾಡಿದ. ಝೆಂಗರನಿಗೆ ಕೋರ್ಟು ಜಾನ್ ಚೇಂಬರ್ಸ್ ಎಂಬ ಎಳೆಯ ವಕೀಲನನ್ನು ಗೊತ್ತು ಮಾಡಿತು. ಗವರ್ನರನ ಕಡೆಯವನೇ ಆದರೂ ಅವನು ಕೆಲಸಕ್ಕೆ ಮೋಸ ಮಾಡಲಿಲ್ಲ. ಗುಮಾಸ್ತ ತಯಾರಿಸಿದ ಜ್ಯೂರಿ ಪಟ್ಟಿಯಲ್ಲಿ ಕಾಸ್ಬಿಯ ದರ್ಜಿ, ರೊಟ್ಟಿಯವ ಮುಂತಾದವರೆಲ್ಲ ತುಂಬಿದ್ದನ್ನು ತೋರಿಸಿ ಬೇರೆ ಜ್ಯೂರಿ ಆರಿಸುವ ಹಾಗೆ ಮಾಡಿದ. ಹಾಗೆ ಆರಿಸಿದ ಹನ್ನೆರಡು ಜನರಲ್ಲಿ ಡಚ್ಚರು ಬಹಳ ಮಂದಿ. ಮುಂದೆ ನಡೆದದ್ದಕ್ಕೆ ಅರ್ಧ ಅಡಿಪಾಯ ಹಾಕಿದವನು ಚೇಂಬರ್ಸ್. ಅವನನ್ನು ಯಾರೂ ನೆನೆಯುವುದಿಲ್ಲ.

1735ರ ಆಗಸ್ಟ್ 4. ವಾಲ್ ಸ್ಟ್ರೀಟಿನ ನಗರಭವನದಲ್ಲಿ ಕೋರ್ಟು ಕಿಕ್ಕಿರಿದಿತ್ತು. ಚೇಂಬರ್ಸ್ ತನ್ನ ಮಾತು ಮುಗಿಸಿ ಕೂತ. ಆಗ ಸಭಿಕರ ನಡುವಿನಿಂದ ಅರವತ್ತರ ಹತ್ತಿರದ ಮುದುಕನೊಬ್ಬ ಎದ್ದ. ವಾತರೋಗದಿಂದ ಮೈ ಬಳಲಿತ್ತು. ಹ್ಯಾಮಿಲ್ಟನ್ ಎಂದು ತಿಳಿದ ಕೂಡಲೇ ಪೀಠದ ಮೇಲಿದ್ದವರ ಮುಖ ಹೇಗಾಗಿರಬೇಡ! ನ್ಯೂಯಾರ್ಕಿನ ವಕೀಲರ ಸನ್ನದು ಕಿತ್ತುಕೊಳ್ಳಬಹುದು. ಪಕ್ಕದ ಪ್ರಾಂತದ ಸಭಾಧ್ಯಕ್ಷ, ಲಂಡನ್ನಿನ ಬ್ಯಾರಿಸ್ಟರ್, ಅವನನ್ನು ಹೊರಗೆ ಹಾಕುವುದು ಹೇಗೆ?

ಆ ಕಾಲದ ಇಂಗ್ಲಿಷ್ ಕಾನೂನು ಹೀಗಿತ್ತು. ಸರ್ಕಾರವನ್ನು ನಿಂದಿಸಿ ಅಚ್ಚು ಹಾಕುವುದೇ ಅಪರಾಧ, ಬರೆದದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಇಲ್ಲ. ನಿಜವಾಗಿದ್ದರೆ ಜನ ಇನ್ನೂ ಕೆರಳುತ್ತಾರೆ, ಆದ್ದರಿಂದ ಅಪರಾಧ ಇನ್ನೂ ದೊಡ್ಡದು. ಜ್ಯೂರಿಯ ಕೆಲಸ ಒಂದೇ: ಇವನು ಅಚ್ಚು ಹಾಕಿದನೇ, ಇಲ್ಲವೇ ಎಂದು ಹೇಳುವುದು. ಅದು ನಿಂದೆಯೇ ಎಂದು ಹೇಳುವ ಹಕ್ಕು ನ್ಯಾಯಾಧೀಶರದು. ಹೀಗಿರುವಾಗ ಸಾಮಾನ್ಯ ವಕೀಲ ಏನು ಮಾಡುತ್ತಿದ್ದ? ಅಚ್ಚು ಹಾಕಿದ್ದಕ್ಕೆ ಸಾಕ್ಷಿ ತನ್ನಿ ಎಂದು ಹಟ ಹಿಡಿಯುತ್ತಿದ್ದ. ಚೇಂಬರ್ಸ್‌ನ ಯೋಜನೆಯೂ ಅದೇ.

ಹ್ಯಾಮಿಲ್ಟನ್ ಎದ್ದವನೇ, ಹೌದು, ನನ್ನ ಕಕ್ಷಿದಾರ ಅಚ್ಚು ಹಾಕಿದ, ಹಂಚಿದ, ಒಪ್ಪಿಕೊಳ್ಳುತ್ತೇನೆ ಎಂದುಬಿಟ್ಟ.

ಕೋರ್ಟು ಸ್ತಬ್ಧವಾಯಿತು. ಅಟಾರ್ನಿ ಜನರಲ್ ರಿಚರ್ಡ್ ಬ್ರ್ಯಾಡ್ಲಿ, ಹಾಗಾದರೆ ಸಾಕ್ಷಿಗಳನ್ನು ಮನೆಗೆ ಕಳಿಸುತ್ತೇನೆ, ಜ್ಯೂರಿಯವರು ದೊರೆಯ ಪರ ಹೇಳುವುದೊಂದೇ ಬಾಕಿ ಎಂದ. ಅಷ್ಟಕ್ಕೇ ಆಗಲಿಲ್ಲ ಸ್ವಾಮಿ ಎಂದ ಹ್ಯಾಮಿಲ್ಟನ್. ನಿಮ್ಮ ಆರೋಪಪತ್ರದಲ್ಲೇ ‘ಸುಳ್ಳು’ ಎಂಬ ಮಾತಿದೆಯಲ್ಲ. ಬರೆದದ್ದು ಸುಳ್ಳೆಂದು ತೋರಿಸಿ, ನಿಂದೆಯೆಂದು ಒಪ್ಪಿಕೊಂಡು ಕೂರುತ್ತೇನೆ. ಇಲ್ಲವೇ, ಅದು ನಿಜವೆಂದು ತೋರಿಸುವ ಹೊರೆಯನ್ನು ನಾನೇ ಹೊರುತ್ತೇನೆ, ಅವಕಾಶ ಕೊಡಿ. ಡಿ ಲ್ಯಾನ್ಸಿ ಅಡ್ಡ ಹಾಕಿದ. ನಿಂದೆಯ ಮೊಕದ್ದಮೆಯಲ್ಲಿ ನಿಜವನ್ನು ಸಾಕ್ಷಿಯಾಗಿ ತರುವಂತಿಲ್ಲ ಎಂದ. ಆಧಾರವಾಗಿ ತಂದ ಹಳೆಯ ತೀರ್ಪುಗಳಲ್ಲಿ ಸ್ಟಾರ್ ಚೇಂಬರಿನವೂ ಇದ್ದವು. ಇಂಗ್ಲೆಂಡಿನಲ್ಲೇ ಎಂದೋ ಮುಚ್ಚಿಹೋದ ಆ ದುಷ್ಟ ನ್ಯಾಯಾಲಯ ಇಲ್ಲಿ ಮತ್ತೆ ತಲೆಯೆತ್ತಿತೇ ಎಂದು ಹ್ಯಾಮಿಲ್ಟನ್ ಚುಚ್ಚಿದ.

ಆಮೇಲೆ ಪೀಠಕ್ಕೆ ಬೆನ್ನು ಹಾಕದಿದ್ದರೂ ಮಾತನ್ನು ಪೂರ್ತಿ ಜ್ಯೂರಿಯ ಕಡೆಗೆ ತಿರುಗಿಸಿದ. ನಿಜವನ್ನು ಸಾಬೀತು ಮಾಡಲು ನಮಗೆ ಬಿಡುತ್ತಿಲ್ಲ. ನೀವು ಇದೇ ಊರಿನವರು, ನಡೆದದ್ದೆಲ್ಲ ನಿಮ್ಮ ಕಣ್ಣ ಮುಂದೆ ನಡೆದಿದೆ, ನಿಮಗೆ ಸಾಕ್ಷಿ ಯಾಕೆ? ಸರ್ಕಾರಿ ವಕೀಲರು ಪತ್ರಿಕೆಯ ಪ್ರತಿ ಪದಕ್ಕೂ ‘ಅಂದರೆ ಗವರ್ನರು’, ‘ಅಂದರೆ ಮಂಡಳಿ’ ಎಂದು ಬಾಲ ಅಂಟಿಸಿ ಆರೋಪ ಹೆಣೆದಿದ್ದರು. ಹ್ಯಾಮಿಲ್ಟನ್ ಬೈಬಲಿನ ಪ್ರವಾದಿಗಳ ವಾಕ್ಯಗಳನ್ನು ತೆಗೆದುಕೊಂಡು ಅದೇ ಬಾಲಗಳನ್ನು ಅಂಟಿಸಿ ಓದಿ ತೋರಿಸಿದ. ಈ ಲೆಕ್ಕದಲ್ಲಿ ಬೀದಿಯಲ್ಲಿ ಬೈಬಲ್ ಓದಿದವನೂ ಜೈಲಿಗೇ!

ಆತನ ವಾದದ ತಿರುಳು ಬೇರೆ ಕಡೆಯಿತ್ತು. ಸಂಗತಿ ಮಾತ್ರ ನಿಮ್ಮದು, ಕಾನೂನು ನಮ್ಮದು ಎಂದು ನ್ಯಾಯಾಧೀಶರು ಹೇಳುತ್ತಾರೆ. ಎರಡನ್ನೂ ಸೇರಿಸಿ ತೀರ್ಪು ಹೇಳುವ ಹಕ್ಕು ನಿಮಗಿದೆ, ಇಲ್ಲದಿದ್ದರೆ ಜ್ಯೂರಿ ಎಂಬುದು ಇದ್ದೇನು ಫಲ ಎಂದ. ಇದು ಒಬ್ಬ ಅಚ್ಚುಗಾರನ ವಿಚಾರವಲ್ಲ, ನ್ಯೂಯಾರ್ಕ್ ಒಂದರ ವಿಚಾರವೂ ಅಲ್ಲ ಎಂದು ಮುಗಿಸಿದ. ಡಿ ಲ್ಯಾನ್ಸಿ ಜ್ಯೂರಿಗೆ ಹೇಳಿದ ಮಾತು ಚಿಕ್ಕದು, ಅದರಲ್ಲಿ ಅಸಹಾಯಕತೆಯಿತ್ತು: ನ್ಯಾಯಾಧೀಶರು ಏನು ಹೇಳಿದರೂ ಲೆಕ್ಕಕ್ಕೆ ಇಡಬೇಡಿ ಎಂದು ಹ್ಯಾಮಿಲ್ಟನ್ ನಿಮಗೆ ಪಾಠ ಹೇಳಿದ್ದಾರೆ. ಸ್ವಲ್ಪ ಹೊತ್ತಿಗೇ ಜ್ಯೂರಿ ವಾಪಸು ಬಂತು. ಮುಖ್ಯಸ್ಥ ಥಾಮಸ್ ಹಂಟ್ ನಿರಪರಾಧಿ ಎಂದ. ಮೂರು ಸಲ ಜೈಕಾರ ಬಿತ್ತು.

ಆ ರಾತ್ರಿ ಬ್ಲ್ಯಾಕ್ ಹಾರ್ಸ್ ಎಂಬ ಹೋಟೆಲಿನಲ್ಲಿ ಹ್ಯಾಮಿಲ್ಟನ್ನನಿಗೆ ಔತಣ. ಗೆದ್ದ ಝೆಂಗರ್ ಮಾತ್ರ ಆ ರಾತ್ರಿಯೂ ಸೆರೆಯಲ್ಲೇ ಇದ್ದ, ಬಿಡುಗಡೆ ಮರುದಿನ. ಹ್ಯಾಮಿಲ್ಟನ್ ಊರಿಗೆ ಹೊರಟಾಗ ಬಂದರಿನಲ್ಲಿ ಹಡಗುಗಳ ತೋಪು ಹಾರಿದವು. ಮುಂದಿನ ತಿಂಗಳು ನ್ಯೂಯಾರ್ಕ್ ನಗರಸಭೆ ಐದೂವರೆ ಔನ್ಸಿನ ಚಿನ್ನದ ಕರಂಡಕದಲ್ಲಿ ನಾಗರಿಕತ್ವದ ಸನ್ಮಾನಪತ್ರವಿಟ್ಟು ಕಳಿಸಿತು. ಫೀಸು ಎಂದು ಆತ ಏನೂ ತೆಗೆದುಕೊಳ್ಳಲಿಲ್ಲ. ಬಿಡಿಸಲಾಗದ ಗಂಟನ್ನು ಬಿಡಿಸುವವನನ್ನು ‘ಫಿಲಡೆಲ್ಫಿಯಾ ವಕೀಲ’ ಎನ್ನುವ ನುಡಿಗಟ್ಟು ಅಮೆರಿಕದಲ್ಲಿದೆ. ಅದು ಇಲ್ಲಿಂದಲೇ ಹುಟ್ಟಿತು ಎಂದು ಬಹಳ ಜನ ನಂಬುತ್ತಾರೆ.

ಕೀರ್ತಿಯ ಹಂಚಿಕೆಯಲ್ಲಿ ಒಂದು ತಿದ್ದುಪಡಿ ಬೇಕು. ವಾದದ ಕರಡನ್ನು ಬಹುಮಟ್ಟಿಗೆ ಸಿದ್ಧಪಡಿಸಿಟ್ಟಿದ್ದವನು ಸನ್ನದು ಕಳೆದುಕೊಂಡ ಜೇಮ್ಸ್ ಅಲೆಕ್ಸಾಂಡರ್. ವಿಚಾರಣೆಯ ವರದಿಯನ್ನು 1736ರಲ್ಲಿ ಪುಸ್ತಕ ಮಾಡಿ ಝೆಂಗರನ ಅಚ್ಚುಕೂಟದಿಂದ ಹೊರಡಿಸಿ, ಹ್ಯಾಮಿಲ್ಟನ್ನನ ಹೆಸರನ್ನು ಲಂಡನ್ನಿನವರೆಗೆ ಮುಟ್ಟಿಸಿದವನೂ ಅವನೇ. ಇನ್ನೊಂದು ತಿದ್ದುಪಡಿ: ಈ ತೀರ್ಪಿನಿಂದ ಕಾನೂನು ಬದಲಾಗಲಿಲ್ಲ. ಜ್ಯೂರಿಯ ತೀರ್ಪು ಪೂರ್ವನಿದರ್ಶನವಾಗುವುದಿಲ್ಲ. ನಿಂದೆಯೋ ಅಲ್ಲವೋ ಎಂದು ಹೇಳುವ ಹಕ್ಕು ಇಂಗ್ಲೆಂಡಿನ ಜ್ಯೂರಿಗೆ ಬಂದದ್ದು 1792ರಲ್ಲಿ. ನ್ಯೂಯಾರ್ಕಿನಲ್ಲಿ ನಿಜವನ್ನು ರಕ್ಷಣೆಯಾಗಿ ತರುವ ಕಾಯಿದೆಯಾದದ್ದು 1805ರಲ್ಲಿ, ಅದಕ್ಕೆ ಹಿಂದಿನ ವರ್ಷ ಕ್ರಾಸ್ವೆಲ್ ಎಂಬ ಪತ್ರಕರ್ತನ ಪರ ವಾದಿಸಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಮಾತಿನ ಫಲವಾಗಿ. ಹೆಸರು ಒಂದೇ, ನೆಂಟಸ್ತಿಕೆ ಇಲ್ಲ. ಆ ಹ್ಯಾಮಿಲ್ಟನ್ ಕೇಳಿದ್ದೂ ಬರೀ ನಿಜವನ್ನಲ್ಲ, ಒಳ್ಳೆಯ ಉದ್ದೇಶದಿಂದ ಹೇಳಿದ ನಿಜವನ್ನು. 2024ರವರೆಗೆ ಜಾರಿಯಲ್ಲಿದ್ದ ನಮ್ಮ 1860ರ ದಂಡಸಂಹಿತೆಯ 499ನೇ ಕಲಮಿನ ಮೊದಲ ವಿನಾಯಿತಿಯ ಜಾಡೂ ಅದೇ ಆಗಿತ್ತು: ನಿಜವಾಗಿದ್ದರೆ ಸಾಲದು, ಸಾರ್ವಜನಿಕರ ಹಿತಕ್ಕೂ ಇರಬೇಕಿತ್ತು. ಬರೆಯುವ ಕಸುಬಿನವರಿಗೆ ಈ ಎರಡನೆಯ ಷರತ್ತಿನ ಭಾರ ಗೊತ್ತು.

ಆದರೂ ಗವರ್ನರುಗಳಿಗೆ ಒಂದು ವಿಷಯ ಮನದಟ್ಟಾಯಿತು. ಪುಸ್ತಕದಲ್ಲಿ ಕಾನೂನು ಎಷ್ಟೇ ಬಿಗಿಯಿರಲಿ, ಊರಿನ ಹನ್ನೆರಡು ಜನ ಒಪ್ಪದಿದ್ದರೆ ಅಚ್ಚುಗಾರನನ್ನು ಒಳಗೆ ಹಾಕಲಾಗದು. ಕಾಸ್ಬಿ 1736ರ ಮಾರ್ಚಿನಲ್ಲಿ ತೀರಿಕೊಂಡ. ಝೆಂಗರ್ 1737ರಲ್ಲಿ ನ್ಯೂಯಾರ್ಕ್ ಪ್ರಾಂತದ ಸರ್ಕಾರಿ ಅಚ್ಚುಗಾರನಾದ! ಕಿತ್ತುಹಾಕಿಸಿಕೊಂಡ ಲೂಯಿಸ್ ಮಾರಿಸನ ಮೊಮ್ಮಗ ಗವರ್ನರ್ ಮಾರಿಸ್ (ಅದು ಹುದ್ದೆಯಲ್ಲ, ಹೆಸರು) ಮುಂದೆ ಅಮೆರಿಕದ ಸಂವಿಧಾನದ ಕರಡಿಗೆ ಕೊನೆಯ ರೂಪ ಕೊಟ್ಟವರಲ್ಲಿ ಪ್ರಮುಖ.

ಆ ಸಂವಿಧಾನ ಬರೆದ ಕಟ್ಟಡಕ್ಕೂ ಹ್ಯಾಮಿಲ್ಟನ್ನನಿಗೂ ಇರುವ ನಂಟು ಮೊಕದ್ದಮೆಗಿಂತ ಹಳೆಯದು. ಪೆನ್ಸಿಲ್ವೇನಿಯಾದ ಶಾಸನಸಭೆಗೆ ಸ್ವಂತ ಸೂರಿರಲಿಲ್ಲ, ಬಾಡಿಗೆಯ ಮನೆಗಳಲ್ಲಿ ಸೇರುತ್ತಿತ್ತು. 1729ರಲ್ಲಿ ಸಭೆ 2000 ಪೌಂಡು ಮಂಜೂರು ಮಾಡಿ ಮೂವರ ಸಮಿತಿ ನೇಮಿಸಿತು. ಸಮಿತಿಯಲ್ಲಿದ್ದ ವೈದ್ಯ ಜಾನ್ ಕಿಯರ್ಸ್ಲಿಗೂ ಹ್ಯಾಮಿಲ್ಟನ್ನನಿಗೂ ಜಾಗದ ಬಗ್ಗೆ, ನಕ್ಷೆಯ ಬಗ್ಗೆ ಜಗಳ ಹತ್ತಿತು. ಕಿಯರ್ಸ್ಲಿಗೆ ಮಾರುಕಟ್ಟೆ ಬೀದಿಯ ಹತ್ತಿರ ಬೇಕು. ಹ್ಯಾಮಿಲ್ಟನ್ ಮುಂದೆ ತನ್ನ ಅಳಿಯನಾದ ವಿಲಿಯಂ ಆಲನ್ನನ ಜೊತೆ ಸೇರಿ ಊರಾಚೆ ಎನ್ನುವಂತಿದ್ದ ಚೆಸ್ಟ್‌ನಟ್ ಬೀದಿಯಲ್ಲಿ ನಿವೇಶನಗಳನ್ನು ಕೊಳ್ಳತೊಡಗಿದ್ದ. ಸಭೆ ಹ್ಯಾಮಿಲ್ಟನ್ನನ ಕಡೆಗೇ ವಾಲಿತು. ಬಡಗಿ ಎಡ್ಮಂಡ್ ವುಲಿ 1732ರಲ್ಲಿ ಕೆಲಸ ಶುರು ಮಾಡಿದ. ಕೆಂಪು ಇಟ್ಟಿಗೆಯ ಆ ಕಟ್ಟಡ, ಈಗ ಇಂಡಿಪೆಂಡೆನ್ಸ್ ಹಾಲ್ ಎನ್ನುವುದು, ಅರೆಬರೆಯಾಗಿದ್ದಾಗಲೇ 1735ರಲ್ಲಿ ಸಭೆ ಅಲ್ಲಿಗೆ ಹೋಯಿತು. ನ್ಯೂಯಾರ್ಕಿನಲ್ಲಿ ಗೆದ್ದು ಬಂದ ಅದೇ ವರ್ಷ ಸಭಾಧ್ಯಕ್ಷ ತಾನು ಕಟ್ಟಿಸಿದ ಮನೆಯಲ್ಲಿ ಕೂತ.

1739ರಲ್ಲಿ ಮುಪ್ಪು, ಕಾಯಿಲೆ ಎಂದು ಹೇಳಿ ಸಭೆಯಿಂದ ನಿವೃತ್ತನಾದ. ಬೀಳ್ಕೊಡುಗೆಯ ಮಾತಿನಲ್ಲಿ, ಈ ಪ್ರಾಂತ ಬೆಳೆದದ್ದು ಮಣ್ಣಿನ ಸತ್ವದಿಂದಲ್ಲ, ನದಿಗಳ ಅನುಕೂಲದಿಂದಲ್ಲ, ನಮ್ಮ ಆಡಳಿತದ ಕಟ್ಟುಪಾಡು ಚೆನ್ನಾಗಿರುವುದರಿಂದ ಎಂಬ ಅರ್ಥದಲ್ಲಿ ಹೇಳಿದ. ಜಮೀನು ಬಲ್ಲ ಮನುಷ್ಯ ಹೇಳಿದ ಮಾತು ಅದು.

1741ರ ಆಗಸ್ಟ್ 4ರಂದು ತೀರಿಕೊಂಡ. ಝೆಂಗರ್ ವಿಚಾರಣೆ ನಡೆದು ಅಂದಿಗೆ ಸರಿಯಾಗಿ ಆರು ವರ್ಷ. ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಅವನ ಬಗ್ಗೆ ಬರೆದಾಗ, ಶತ್ರುಗಳಿಲ್ಲದೆ ಬದುಕಿದವನಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಅಧಿಕಾರಕ್ಕೆ ಮಿತ್ರನಾಗಿರಲಿಲ್ಲ ಎಂದೂ ಸೇರಿಸಿದ. ಚೆಸ್ಟ್‌ನಟ್ ಬೀದಿಯ ಕಟ್ಟಡದಲ್ಲಿ ಆಗಿನ್ನೂ ಬಡಗಿಗಳು ಒಳಗೆಲಸ ಮಾಡುತ್ತಿದ್ದರು. ಗೋಪುರ ಎದ್ದಿರಲಿಲ್ಲ. ಅದರಲ್ಲಿ ತೂಗಬೇಕಾದ ಗಂಟೆಯನ್ನು ಲಂಡನ್ನಿನಿಂದ ತರಿಸಲು ಕಾಗದ ಹೋಗಲು ಇನ್ನೂ ಹತ್ತು ವರ್ಷವಿತ್ತು.